ವಿದ್ಯಾರ್ಥಿಗಳ ತಲೆನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯವೊಂದರ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯೆ. ಜ್ವರ, ಕೆಮ್ಮು, ಹೊಟ್ಟೆನೋವು ಎಂದು ಬರುವವರು ಅದನ್ನು ನೇರವಾಗಿ ಹೇಳುತ್ತಾರೆ. ತಲೆನೋವಿನವರು ಬೇರೆ ಯಾವುದಕ್ಕೋ ಬಂದು, ಹೊರಡುವಾಗ ಬಾಗಿಲ ಬಳಿ ನಿಂತು, "ಹಾಗೇ ತಲೆನೋವಿಗೂ ಒಂದು ಮಾತ್ರೆ ಬರೆದುಬಿಡಿ ಮೇಡಂ" ಎನ್ನುತ್ತಾರೆ. ಎಲ್ಲರಿಗೂ ಬರುವ ನೋವನ್ನು ದೊಡ್ಡದು ಮಾಡಿ ಹೇಳಬಾರದೆಂಬ ಸಂಕೋಚ ಅದು. ಮಾತುಕತೆಯಲ್ಲಿ, ಪೋಷಕರ ಪತ್ರಗಳಲ್ಲಿ, ಓದುಗರ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ತಲೆನೋವು ಎನ್ನುತ್ತಾರೆ. ನಿಜಕ್ಕೂ ಇದು ಇಷ್ಟು ಸಾಮಾನ್ಯವೇ?

ಹೌದು. ನಮ್ಮ ರಾಜ್ಯದ್ದೇ ಲೆಕ್ಕ ಇದೆ. ನಿಮ್ಹಾನ್ಸ್ ತಜ್ಞರ ತಂಡವು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ 18ರಿಂದ 65 ವರ್ಷದೊಳಗಿನ 2,329 ಜನರನ್ನು ಮಾತನಾಡಿಸಿತ್ತು. ಅದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದವರು ಶೇ. 63.9. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗ ಮೈಗ್ರೇನ್ ಎಂಬ ಅರೆತಲೆನೋವು ಇದ್ದವರು ಶೇ. 25.2, ತಲೆಗೆ ಪಟ್ಟಿ ಕಟ್ಟಿದಂತಿರುವ ಬಿಗಿತದ ತಲೆನೋವಿನವರು ಶೇ. 35.1. ಎರಡನೆಯದು ಕಿರಿಯ ವಯಸ್ಸಿನವರಲ್ಲೇ ಹೆಚ್ಚು ಕಂಡಿತ್ತು. ಮೈಗ್ರೇನ್ ಪಟ್ಟಣದವರ ಕಾಯಿಲೆ ಎಂದು ಅನೇಕರು ತಿಳಿದಿದ್ದಾರೆ. ಆ ಸಮೀಕ್ಷೆಯಲ್ಲಿ ಅದು ಹಳ್ಳಿಗಳಲ್ಲೇ ಹೆಚ್ಚಿತ್ತು.

ವಿದ್ಯಾರ್ಥಿಗಳನ್ನಷ್ಟೇ ತೆಗೆದುಕೊಂಡರೆ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಎರಡು ದೊಡ್ಡ ವಿಶ್ಲೇಷಣೆಗಳಿವೆ. ಮೈಗ್ರೇನ್ ಇರುವ ವಿದ್ಯಾರ್ಥಿಗಳ ಪ್ರಮಾಣ ಒಂದರಲ್ಲಿ ಸುಮಾರು ಶೇ. 16, ಇನ್ನೊಂದರಲ್ಲಿ ಸುಮಾರು ಶೇ. 19. ಅಂದರೆ 60 ಜನರ ತರಗತಿಯಲ್ಲಿ ಹತ್ತು ಹನ್ನೊಂದು ಮಂದಿ. ಸಾಧಾರಣ ತಲೆನೋವನ್ನೂ ಸೇರಿಸಿದರೆ ತಲೆನೋವೇ ಬಾರದವರನ್ನು ಎಣಿಸುವುದು ಸುಲಭ.

ಆದರೆ ಎಷ್ಟು ಜನರಿಗೆ ಬರುತ್ತದೆ ಎನ್ನುವುದಕ್ಕಿಂತ ನಿಮಗೆ ತಿಂಗಳಲ್ಲಿ ಎಷ್ಟು ದಿನ ಬರುತ್ತದೆ ಎನ್ನುವುದೇ ಮುಖ್ಯ. ನನ್ನ ಮುಂದೆ ಕುಳಿತವರನ್ನು ನಾನು ಮೊದಲು ಕೇಳುವುದು ಇದನ್ನೇ. ಹತ್ತರಲ್ಲಿ ಒಂಬತ್ತು ಮಂದಿ "ಆಗಾಗ" ಎನ್ನುತ್ತಾರೆ. ಆ "ಆಗಾಗ" ಎರಡು ದಿನವೂ ಆಗಿರುತ್ತದೆ, ಇಪ್ಪತ್ತೆರಡು ದಿನವೂ ಆಗಿರುತ್ತದೆ.

ಒಂದೊಂದು ವರದಿಯಲ್ಲಿ ಒಂದೊಂದು ಶೇಕಡಾವಾರು ಇರುತ್ತದೆ. ಯಾವುದನ್ನು ನಂಬಬೇಕು?

ಕೇಳಿದ ಪ್ರಶ್ನೆ ಏನು ಎಂದು ಮೊದಲು ನೋಡಿ. ಮೇಲೆ ಹೇಳಿದ ಸಮೀಕ್ಷೆಯಲ್ಲಿ "ಕಳೆದ ಒಂದು ವರ್ಷದಲ್ಲಿ" ಎಂದು ಕೇಳಿದಾಗ ಶೇ. 63.9 ಮಂದಿ ಹೌದೆಂದರು. ಅದೇ ಜನರನ್ನು ನಿನ್ನೆ ಒಂದು ದಿನದ ತಲೆನೋವಿನ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ ಶೇ. 5.9. ಎರಡೂ ಸರಿಯೇ. ವಿದ್ಯಾರ್ಥಿಗಳ ಅಧ್ಯಯನಗಳಲ್ಲಿ ಇನ್ನೊಂದು ತೊಡಕಿದೆ: ಹೆಚ್ಚಿನವು ವೈದ್ಯಕೀಯ ಕಾಲೇಜುಗಳಲ್ಲೇ ನಡೆಯುತ್ತವೆ, ಸಂಶೋಧಕರಿಗೆ ಕೈಗೆ ಸಿಗುವವರು ಅವರೇ. ಸ್ವಇಚ್ಛೆಯಿಂದ ಪ್ರಶ್ನಾವಳಿ ತುಂಬಿ ಎಂದರೆ ತಲೆನೋವು ಇರುವವರು ಉತ್ಸಾಹದಿಂದ ತುಂಬುತ್ತಾರೆ, ಇಲ್ಲದವರು ಬಿಟ್ಟುಬಿಡುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಕೇಳಿದರೆ ಅಂಕಿ ಇನ್ನೂ ಮೇಲೇರುತ್ತದೆ.

ನನ್ನದು ಬರೀ ತಲೆನೋವೋ, ಮೈಗ್ರೇನೋ? ಹೇಗೆ ಗೊತ್ತಾಗುತ್ತದೆ?

ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನೀವು ಹೇಳುವ ವಿವರವೇ ಪರೀಕ್ಷೆ.

ಬಿಗಿತದ ತಲೆನೋವು ತಲೆಗೆ ಪಟ್ಟಿ ಬಿಗಿದು ಕಟ್ಟಿದಂತೆ ಎರಡೂ ಕಡೆ ಇರುತ್ತದೆ. ಅರ್ಧ ಗಂಟೆಯಿಂದ ಏಳು ದಿನದವರೆಗೂ ಇರಬಹುದು. ಕಿರಿಕಿರಿ ಹೌದು, ಆದರೆ ಮೆಟ್ಟಿಲು ಹತ್ತಿ ಇಳಿದರೆ ಹೆಚ್ಚಾಗುವುದಿಲ್ಲ, ವಾಂತಿ ಬರುವುದಿಲ್ಲ.

ಮೈಗ್ರೇನ್ ಬಂದರೆ ಸಾಮಾನ್ಯವಾಗಿ ಒಂದು ಕಡೆಯ ಕಣತಲೆ ಟಪಟಪ ಎಂದು ಬಡಿದುಕೊಳ್ಳುತ್ತದೆ. ಮಾತ್ರೆ ನುಂಗದಿದ್ದರೆ 4ರಿಂದ 72 ಗಂಟೆ ಎಳೆಯುತ್ತದೆ. ಓಡಾಡಿದರೆ ಹೆಚ್ಚಾಗುತ್ತದೆ. ಹೊಟ್ಟೆ ತೊಳಸುತ್ತದೆ ಅಥವಾ ವಾಂತಿಯಾಗುತ್ತದೆ, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸಲಾಗುವುದಿಲ್ಲ. ಅರೆತಲೆನೋವು ಎಂಬ ಹೆಸರಿದ್ದರೂ ಎರಡೂ ಕಡೆ ಬಂದರೆ ಮೈಗ್ರೇನ್ ಅಲ್ಲವೆಂದು ತಿಳಿಯಬೇಡಿ.

ಸಂಶಯವಿದ್ದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ತಲೆನೋವಿನ ಜೊತೆ ಹೊಟ್ಟೆ ತೊಳಸುತ್ತದೆಯೇ? ದೀಪ ಆರಿಸಬೇಕೆನಿಸುತ್ತದೆಯೇ? ಕಳೆದ ಮೂರು ತಿಂಗಳಲ್ಲಿ ಒಂದು ದಿನವಾದರೂ ತರಗತಿ ಅಥವಾ ಕೆಲಸ ತಪ್ಪಿದೆಯೇ? ಎರಡಕ್ಕೆ ಹೌದು ಎಂದರೆ ಅದು ಮೈಗ್ರೇನ್ ಆಗಿರುವ ಸಾಧ್ಯತೆಯೇ ಹೆಚ್ಚು.

ಹುಡುಗಿಯರಿಗೇ ಏಕೆ ಜಾಸ್ತಿ?

ಹತ್ತು ವರ್ಷದವರೆಗೆ ಹುಡುಗ ಹುಡುಗಿಯರಲ್ಲಿ ಮೈಗ್ರೇನ್ ಹೆಚ್ಚುಕಡಿಮೆ ಒಂದೇ. ಮುಟ್ಟು ಆರಂಭವಾದ ಮೇಲೆ ಲೆಕ್ಕ ಬದಲಾಗುತ್ತದೆ. ಮುಟ್ಟಿಗೆ ಮುಂಚೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಸರ್ರನೆ ಇಳಿಯುವುದೇ ಅನೇಕರಲ್ಲಿ ನೋವನ್ನು ಎಬ್ಬಿಸುತ್ತದೆ. ಆದ್ದರಿಂದ ಮುಟ್ಟಿನ ಎರಡು ದಿನ ಮುಂಚೆ ಮತ್ತು ಮೊದಲ ಮೂರು ದಿನ ನೋವು ಬಂದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ.

ರಕ್ತಹೀನತೆಯನ್ನೂ ನಾನು ತಪ್ಪದೆ ನೋಡುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ತಲೆಭಾರ, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎನ್ನುವ ಹುಡುಗಿಗೆ ಹಿಮೋಗ್ಲೋಬಿನ್ ನೋಡದೆ ಮಾತ್ರೆ ಕೊಟ್ಟು ಕಳುಹಿಸುವುದು ಅನ್ಯಾಯ.

ಹುಡುಗರ ಬಗ್ಗೆಯೂ ಒಂದು ಮಾತು. ಅವರು ಬರುವುದೇ ತಡ. ತಲೆನೋವೆಂದು ಹೇಳಿಕೊಂಡರೆ ಸ್ನೇಹಿತರು ನಗುತ್ತಾರೆಂದು ಎರಡು ವರ್ಷ ಮುಚ್ಚಿಟ್ಟುಕೊಂಡು ಬಂದವರನ್ನು ಕಂಡಿದ್ದೇನೆ.

ಪಿಯುಸಿವರೆಗೆ ಏನೂ ಇರಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೆ ಶುರುವಾಯಿತು. ಇಲ್ಲಿನ ನೀರು ಆಗಿಬರುತ್ತಿಲ್ಲವೇ?

ನೀರಿನ ತಪ್ಪಲ್ಲ, ಹೊತ್ತು ತಪ್ಪಿದ್ದರ ಪರಿಣಾಮ. ಮೈಗ್ರೇನ್ ಇರುವ ಮೆದುಳಿಗೆ ಬದಲಾವಣೆ ಹಿಡಿಸುವುದಿಲ್ಲ. ಮನೆಯಲ್ಲಿ ಅಮ್ಮ ಎಬ್ಬಿಸಿ ತಿಂಡಿ ಕೊಡುತ್ತಿದ್ದರು, ರಾತ್ರಿ ದೀಪ ಆರಿಸುತ್ತಿದ್ದರು. ಹಾಸ್ಟೆಲ್‌ನಲ್ಲಿ ಎರಡು ಗಂಟೆಗೆ ಮಲಗಿ ಎಂಟೂವರೆಗೆ ಎದ್ದರೆ ಮೆಸ್ ಮುಚ್ಚುವ ಹೊತ್ತು. ತಿಂಡಿ ಬಿಟ್ಟು ತರಗತಿಗೆ ಓಡುತ್ತಾರೆ, ಮಧ್ಯಾಹ್ನ ಒಂದೂವರೆಗೆ ಮೊದಲ ಊಟ. ಹನ್ನೊಂದೂವರೆಗೆ ತಲೆ ಸಿಡಿಯಲು ಶುರು. ಭಾನುವಾರ ಹನ್ನೊಂದರವರೆಗೆ ಮಲಗಿದರೆ ಅಂದೂ ನೋವು. ನಿದ್ದೆ ಕಡಿಮೆಯಾದರೂ ಹೆಚ್ಚಾದರೂ ಅದಕ್ಕೆ ಒಂದೇ.

ಒಬ್ಬ ಹುಡುಗ ಮೆಸ್‌ನ ಚಪಾತಿಗೆ ಅಲರ್ಜಿ ಎಂದು ವಾದಿಸುತ್ತಲೇ ಬಂದಿದ್ದ. ದಿನಗಳನ್ನು ಬರೆದಿಡಲು ಹೇಳಿದೆ. ಚಪಾತಿಯ ದಿನಗಳಿಗೂ ನೋವಿನ ದಿನಗಳಿಗೂ ನಂಟಿರಲಿಲ್ಲ. ನೋವು ಬಂದ ಒಂಬತ್ತು ದಿನಗಳಲ್ಲಿ ಏಳು ದಿನ ತಿಂಡಿಯ ಜಾಗದಲ್ಲಿ ಅಡ್ಡಗೆರೆ ಇತ್ತು. ಈಗ ರಾತ್ರಿಯೇ ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾನೆ.

ಕಲಬುರಗಿ, ರಾಯಚೂರು ಕಡೆ ಏಪ್ರಿಲ್, ಮೇ ಬಿಸಿಲಿನಲ್ಲಿ ಪರೀಕ್ಷೆ ಬರೆಯುವವರಿಗೆ ನೀರು ಸಾಲದಿರುವುದು ಮತ್ತೊಂದು ಕಾರಣ. ಶೌಚಾಲಯ ಸರಿಯಿಲ್ಲವೆಂದು ಬೆಳಗ್ಗೆಯಿಂದ ನೀರೇ ಕುಡಿಯದ ಹುಡುಗಿಯರಿದ್ದಾರೆ. ಕಾಲೇಜಿನವರು ಇದನ್ನು ಓದುತ್ತಿದ್ದರೆ, ಹುಡುಗಿಯರ ಶೌಚಾಲಯವನ್ನು ಚೊಕ್ಕಟವಾಗಿಡುವುದೂ ತಲೆನೋವಿನ ಚಿಕಿತ್ಸೆಯೇ ಎಂದು ದಯವಿಟ್ಟು ತಿಳಿಯಿರಿ.

## ಕಾರಣಗಳ ಬಗ್ಗೆ

ಕನ್ನಡಕ ಬೇಕಾಗಿರಬಹುದೇ? ಮೊಬೈಲ್ ನೋಡುವುದರಿಂದಲೇ ಎಂದು ಅಪ್ಪ ಬೈಯುತ್ತಾರೆ.

ಕಣ್ಣು ಒಮ್ಮೆ ತೋರಿಸಿ, ನಷ್ಟವಿಲ್ಲ. ದೃಷ್ಟಿದೋಷದಿಂದ ಬರುವ ನೋವು ಓದಿದ ಮೇಲೆ ಹಣೆಯಲ್ಲಿ, ಕಣ್ಣಿನ ಸುತ್ತ ಭಾರವಾಗಿ ಬಂದು, ಪುಸ್ತಕ ಮುಚ್ಚಿದರೆ ಇಳಿಯುತ್ತದೆ. ಬೆಳಗ್ಗೆ ಏಳುವಾಗಲೇ ಇರುವ ನೋವು, ವಾಂತಿ ಬರಿಸುವ ನೋವು ಕನ್ನಡಕದಿಂದ ಹೋಗುವುದಿಲ್ಲ. ಮೂರು ಕನ್ನಡಕ ಬದಲಾಯಿಸಿದ ಮೇಲೆ ಮೈಗ್ರೇನ್ ಎಂದು ತಿಳಿದವರು ಬಹಳ. ಮೊಬೈಲ್ ವಿಷಯದಲ್ಲಿ ಅಪ್ಪ ಹೇಳುವುದರಲ್ಲಿ ಅರ್ಧ ನಿಜ ಇದೆ: ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಕುಳಿತರೆ ಹಿಂದಲೆ ಹಿಡಿದುಕೊಳ್ಳುತ್ತದೆ, ನಿದ್ದೆ ಮುಂದೆ ಹೋಗುತ್ತದೆ.

ನನಗೆ ಸೈನಸ್ ಇದೆ. ಹುಬ್ಬಿನ ಮೇಲೆ, ಕೆನ್ನೆಯಲ್ಲಿ ನೋವು. ಹಬೆ ತೆಗೆದುಕೊಂಡರೂ ಹೋಗುತ್ತಿಲ್ಲ.

ತಮಗೆ ಸೈನಸ್ ತಲೆನೋವು ಎಂದು ನಂಬಿದ್ದ 2,991 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 88 ಮಂದಿಯದ್ದು ಮೈಗ್ರೇನ್ ಬಗೆಯ ನೋವಾಗಿತ್ತು. ಮೈಗ್ರೇನ್‌ನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದ್ದರಿಂದಲೇ ಈ ಗೊಂದಲ. ನಿಜವಾದ ಸೈನಸ್ ಸೋಂಕಿನಲ್ಲಿ ಹಳದಿ ಹಸಿರು ಗೊಣ್ಣೆ, ಜ್ವರ, ವಾಸನೆ ಗೊತ್ತಾಗದಿರುವುದು ಇರುತ್ತದೆ. ಅವು ಇಲ್ಲದೆ ತಿಂಗಳಿಗೆ ನಾಲ್ಕು ಸಲ ಬಂದು ಹೋಗುವ "ಸೈನಸ್"ಗೆ ಆ್ಯಂಟಿಬಯಾಟಿಕ್ ನುಂಗಬೇಡಿ.

ಅಜ್ಜಿ ಪಿತ್ತ ಏರಿದೆ ಎನ್ನುತ್ತಾರೆ. ತಲೆಗೆ ಸ್ನಾನ ಮಾಡಿದ ದಿನವೇ ಬರುತ್ತದೆ. ಇದೆಲ್ಲ ಮೂಢನಂಬಿಕೆಯೇ?

ಅಜ್ಜಿ ಕಂಡದ್ದು ನಿಜ. ತಲೆ ಸಿಡಿಯುತ್ತದೆ, ಹುಳಿ ನೀರು ವಾಂತಿಯಾಗುತ್ತದೆ, ವಾಂತಿಯಾದ ಮೇಲೆ ಹಗುರವಾಗುತ್ತದೆ. ಹೊಟ್ಟೆಯಲ್ಲಿದ್ದ ಪಿತ್ತ ಹೊರಗೆ ಹೋಯಿತು, ತಲೆನೋವು ಇಳಿಯಿತು ಎಂದು ಅವರು ಜೋಡಿಸಿದರು. ನಡೆಯುವುದು ಅದರ ತಿರುಗುಮುರುಗು: ನೋವು ಮೆದುಳಿನಲ್ಲಿ ಶುರುವಾಗಿ ಹೊಟ್ಟೆಯ ಚಲನೆಯನ್ನು ನಿಧಾನ ಮಾಡುತ್ತದೆ. ಮಾತ್ರೆ ನುಂಗಿದರೂ ಕೆಲಸ ಮಾಡದಿರುವುದಕ್ಕೆ ಇದೂ ಒಂದು ಕಾರಣ.

ತಲೆಸ್ನಾನದ ಮಾತಂತೂ ವೈದ್ಯಕೀಯ ಸಾಹಿತ್ಯದಲ್ಲೇ ದಾಖಲಾಗಿದೆ. ಮುಂಬಯಿಯ ತಲೆನೋವು ತಜ್ಞ ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಮೈಗ್ರೇನ್ ಎದ್ದ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಪಾಶ್ಚಾತ್ಯ ಪಟ್ಟಿಗಳಲ್ಲಿ ಇಲ್ಲದ ಕಾರಣವನ್ನು ನಮ್ಮ ಹೆಂಗಸರು ಮೊದಲಿನಿಂದಲೂ ಹೇಳುತ್ತಲೇ ಇದ್ದರು. ನಿಮಗೂ ಹಾಗಿದ್ದರೆ ಪರೀಕ್ಷೆಯ ಬೆಳಗ್ಗೆ ತಲೆಸ್ನಾನ ಬೇಡ. ಬಿಡುವಿನ ದಿನ ಮಾಡಿ, ಕೂದಲನ್ನು ಬೇಗ ಒಣಗಿಸಿಕೊಳ್ಳಿ, ಹಸಿದ ಹೊಟ್ಟೆಯಲ್ಲಿ ಮಾತ್ರ ಮಾಡಬೇಡಿ.

ಕಾಫಿ ಕುಡಿದರೆ ಹೋಗುತ್ತದೆ. ಹಾಗಾದರೆ ಅದೇ ಔಷಧಿಯಲ್ಲವೇ?

ಅಪರೂಪಕ್ಕೆ ಕುಡಿಯುವವರಿಗೆ ಹೌದು. ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಎರಡು ವಾರ ಮೀರಿ ಸೇವಿಸಿದವರು ಒಂದು ದಿನ ಬಿಟ್ಟರೆ, 24 ಗಂಟೆಯೊಳಗೆ ಬಿಟ್ಟದ್ದಕ್ಕೇ ತಲೆನೋವು ಬರುತ್ತದೆ. ಆಗ ಕಾಫಿ ಗುಣಪಡಿಸುವುದು ಕಾಫಿಯೇ ತಂದ ನೋವನ್ನು. ದಿನಕ್ಕೆ ಎರಡು ಸಣ್ಣ ಲೋಟ, ಅದೂ ಸಂಜೆ ನಾಲ್ಕರೊಳಗೆ. ಬಿಡುವುದಾದರೆ ವಾರಕ್ಕೆ ಒಂದು ಲೋಟದಂತೆ ಇಳಿಸಿ.

ಪರೀಕ್ಷೆಯಲ್ಲಿ ಬರಲಿಲ್ಲ, ಮುಗಿದ ಮರುದಿನ ಬಂತು. ಇದೇನು ವಿಚಿತ್ರ?

ಒತ್ತಡ ಏರುವಾಗಲ್ಲದೆ ಇಳಿಯುವಾಗಲೂ ಮೈಗ್ರೇನ್ ಬರುತ್ತದೆ. ಕೊನೆಯ ಪತ್ರಿಕೆ ಮುಗಿಸಿ ರಾತ್ರಿ ಬಸ್ ಹತ್ತಿ ಊರಿಗೆ ಹೋಗಿ, ಹಬ್ಬದ ಊಟದ ಹೊತ್ತಿಗೆ ಮಲಗಿಬಿಡುವವರು ಇವರೇ. ಪರೀಕ್ಷೆ ಮುಗಿದ ದಿನವೂ ಎಂದಿನ ಹೊತ್ತಿಗೆ ಊಟ, ಎಂದಿನ ಹೊತ್ತಿಗೆ ನಿದ್ದೆ. ಸಾಧ್ಯವಾದರೆ ಪ್ರಯಾಣ ಮರುದಿನ ಬೆಳಗ್ಗೆ.

## ಮಾತ್ರೆ ಮತ್ತು ಲೆಕ್ಕ

ಮಾತ್ರೆ ಯಾವಾಗ ನುಂಗಬೇಕು? ತಡೆದುಕೊಳ್ಳಲು ಆಗದಿದ್ದಾಗ ಮಾತ್ರವೇ?

ಅಲ್ಲ. ಇದು ನಾನು ಅತಿ ಹೆಚ್ಚು ಬಾರಿ ತಿದ್ದುವ ತಪ್ಪು. ಮೈಗ್ರೇನ್ ಎಂದು ಖಚಿತವಾದ ಕೂಡಲೇ, ನೋವು ಇನ್ನೂ ಸಣ್ಣದಿರುವಾಗ, ಮೊದಲ ಗಂಟೆಯೊಳಗೆ, ಸರಿಯಾದ ಪ್ರಮಾಣದಲ್ಲಿ ನುಂಗಬೇಕು. ತಡಮಾಡಿದರೆ ಹೊಟ್ಟೆ ನಿಧಾನವಾಗುತ್ತದೆ, ಮಾತ್ರೆ ಅಲ್ಲೇ ಉಳಿಯುತ್ತದೆ.

ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ ಪ್ಯಾರಸಿಟಮಾಲ್ 500ರಿಂದ 1,000 ಮಿಲಿಗ್ರಾಂ ಅಥವಾ ಊಟವಾದ ಮೇಲೆ ಐಬುಪ್ರೊಫೇನ್ 400 ಮಿಲಿಗ್ರಾಂ. ನಮ್ಮಲ್ಲಿ 42, 45 ಕಿಲೋ ತೂಗುವ ಹುಡುಗಿಯರು ಬಹಳ. 50 ಕಿಲೋಗಿಂತ ಕಡಿಮೆ ಇದ್ದರೆ 1,000 ಮಿಲಿಗ್ರಾಂ ಒಮ್ಮೆಗೇ ಬೇಡ, ಕಿಲೋಗೆ 15 ಮಿಲಿಗ್ರಾಂ ಲೆಕ್ಕ ಸಾಕು. ಅಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಐಬುಪ್ರೊಫೇನ್‌ಗೆ ಮುಂಚೆ ವೈದ್ಯರನ್ನು ಕೇಳಿ. ಮಳೆಗಾಲದಲ್ಲಿ ಜ್ವರದ ಜೊತೆ ತಲೆನೋವು ಬಂದರೆ ಡೆಂಗಿ ಇರಬಹುದು, ಆಗ ಐಬುಪ್ರೊಫೇನ್, ಆ್ಯಸ್ಪಿರಿನ್ ಮುಟ್ಟಲೇಬಾರದು.

ಇವು ಸಾಲದಿದ್ದರೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್‌ನಂಥ ಮೈಗ್ರೇನ್‌ಗೆಂದೇ ಇರುವ ಮಾತ್ರೆಗಳನ್ನು ವೈದ್ಯರು ಬರೆಯುತ್ತಾರೆ. ವಾಂತಿ ತಡೆಯುವ ಮಾತ್ರೆ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಬಾಮ್ ಹಚ್ಚಿಕೊಂಡರೆ ಸಾಕಾಗುವುದಿಲ್ಲವೇ?

ಬಿಗಿತದ ತಲೆನೋವಿಗೆ ಪುದೀನ ಎಣ್ಣೆಯ ಅಂಶವಿರುವ ಲೇಪ ಕೊಂಚ ಹಿತ ಕೊಡುತ್ತದೆ. ಹಣೆಗೆ ಒದ್ದೆ ಬಟ್ಟೆ, ಕತ್ತಲೆ, ನಿದ್ದೆ ಕೂಡ. ಮೈಗ್ರೇನ್‌ನಲ್ಲಿ ಕೆಲವರಿಗೆ ಬಾಮಿನ ವಾಸನೆಯೇ ವಾಂತಿ ಬರಿಸುತ್ತದೆ. ಕೊಠಡಿಯ ಗೆಳತಿಗೆ ಹಚ್ಚುವ ಮುಂಚೆ ಒಮ್ಮೆ ಕೇಳಿ.

ಮೊದಲು ತಿಂಗಳಿಗೊಂದು ಮಾತ್ರೆ ಸಾಕಿತ್ತು. ಈಗ ದಿನಾ ಬೇಕು. ಕಾಯಿಲೆ ದೊಡ್ಡದಾಯಿತೇ?

ಮಾತ್ರೆಯೇ ತಲೆನೋವಾಗಿರಬಹುದು. ಮಾತಿಗೆ ಹೇಳುತ್ತಿಲ್ಲ, ಇದು ಮಾತ್ರೆಯ ಅತಿಬಳಕೆಯ ತಲೆನೋವು ಎಂದು ಹೆಸರಿರುವ ಕಾಯಿಲೆ. ಮೊದಲೇ ತಲೆನೋವು ಇರುವವರು ಪ್ಯಾರಸಿಟಮಾಲ್, ಐಬುಪ್ರೊಫೇನ್‌ನಂಥ ಸರಳ ನೋವುಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಇಲ್ಲವೇ ಸುಮಾಟ್ರಿಪ್ಟಾನ್‌ನಂಥ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧಿ ಕೂಡಿಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ನುಂಗಿದರೆ ಮೆದುಳು ಮಾತ್ರೆಗೆ ಒಗ್ಗಿ, ಅದು ಇಳಿದಾಗಲೆಲ್ಲ ನೋವು ಎಬ್ಬಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಅನೇಕ ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಸೇರಿರುತ್ತದೆ. ಅವು ಈ ಎರಡನೇ ಗುಂಪಿನವು.

ಸ್ನಾತಕೋತ್ತರ ಓದುತ್ತಿದ್ದ ಒಬ್ಬಳು ತನ್ನ ಚೀಲವನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದಳು. ಪೆನ್ನು, ಬಸ್ ಪಾಸ್, ಗುರುತಿನ ಚೀಟಿಗಳ ನಡುವೆ ಮಾತ್ರೆಯ ಖಾಲಿ ಪಟ್ಟಿಗಳು ಬಿದ್ದವು. ಕೆಲವನ್ನು ಮಾತ್ರೆ ಒಂದೊಂದಾಗಿ ಕತ್ತರಿಸಿಕೊಂಡಿದ್ದಳು, ಪರೀಕ್ಷಾ ಕೊಠಡಿಗೆ ಜೇಬಿನಲ್ಲಿ ಒಯ್ಯಲು. ಇಬ್ಬರೂ ಕುಳಿತು ಎಣಿಸಿದೆವು. ಆ ತಿಂಗಳು ನಲವತ್ತೊಂದು ಮಾತ್ರೆ. "ಇಷ್ಟೊಂದಾ?" ಎಂದು ಅವಳೇ ಬೆಚ್ಚಿದಳು. ದಿನಕ್ಕೊಂದು, ಕೆಲವು ದಿನ ಎರಡು, ಯಾವ ದಿನವೂ ಅವಳಿಗೆ ಅದು ಹೆಚ್ಚೆನಿಸಿರಲಿಲ್ಲ.

ನಿಲ್ಲಿಸುವುದೇ ಚಿಕಿತ್ಸೆ, ಆದರೆ ವೈದ್ಯರ ಜೊತೆ. ಮೊದಲ ಎರಡರಿಂದ ಹತ್ತು ದಿನ ನೋವು ಜೋರಾಗುತ್ತದೆ. ಪರೀಕ್ಷೆಯ ವಾರದಲ್ಲಿ ಅದಕ್ಕೆ ಕೈಹಾಕಬೇಡಿ, ರಜೆಯ ಮೊದಲ ವಾರ ಒಳ್ಳೆಯದು. ಆ ಹುಡುಗಿ ದಸರಾ ರಜೆಯಲ್ಲಿ ಊರಲ್ಲಿದ್ದು ಮಾತ್ರೆ ಬಿಟ್ಟಳು. ದಿನಾ ಇದ್ದ ನೋವು ಸಂಕ್ರಾಂತಿಯ ಹೊತ್ತಿಗೆ ತಿಂಗಳಿಗೆ ಐದು ದಿನಕ್ಕೆ ಇಳಿದಿತ್ತು.

ತಲೆನೋವಿನ ದಿನಚರಿ ಬರೆಯಿರಿ ಎಂದಿರಿ. ಏನು ಬರೆಯಬೇಕು?

ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ನೋವು ಬಂದ ದಿನಕ್ಕೆ ಒಂದು ಸುತ್ತು. ಮಾತ್ರೆ ನುಂಗಿದರೆ ಸುತ್ತಿನೊಳಗೆ ಚುಕ್ಕೆ. ತರಗತಿ ತಪ್ಪಿದರೆ ಕೆಳಗೆ ಗೆರೆ. ಮುಟ್ಟಿನ ದಿನಕ್ಕೆ ಬೇರೆ ಬಣ್ಣ. ತಿಂಡಿ ಬಿಟ್ಟದ್ದು, ನಿದ್ದೆಗೆಟ್ಟದ್ದು ನೆನಪಿದ್ದರೆ ಒಂದು ಪದ. ಮೂರು ತಿಂಗಳ ಮೂರು ಹಾಳೆ ತಂದು ತೋರಿಸಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಸ್ಕ್ಯಾನ್ ಮಾಡಿಸಿಬಿಡಲೇ? ಮೆದುಳಿನಲ್ಲಿ ಗಡ್ಡೆ ಇದ್ದರೆ ಎಂಬ ಭಯ ಬಿಡುತ್ತಿಲ್ಲ.

ಆ ಭಯ ನನಗೆ ಅರ್ಥವಾಗುತ್ತದೆ. ಅದನ್ನು ಹೇಳಲು ಬಂದು ಹೇಳದೆ ಹೋದವರೂ ಇದ್ದಾರೆ. ವರ್ಷಗಳಿಂದ ಒಂದೇ ಬಗೆಯಲ್ಲಿ ಬಂದು ಹೋಗುತ್ತಾ, ನಡುವೆ ಪೂರ್ತಿ ಚೆನ್ನಾಗಿರುವ ನೋವಿಗೆ, ವೈದ್ಯರು ಕಣ್ಣಿನ ಹಿಂಪರದೆ ಮತ್ತು ನರಗಳನ್ನು ಪರೀಕ್ಷಿಸಿ ಎಲ್ಲವೂ ಸರಿ ಎಂದರೆ, ಸ್ಕ್ಯಾನ್ ಬೇಕಿಲ್ಲ.

ಆದರೆ ಕೆಳಗಿನ ಯಾವುದಾದರೂ ಇದ್ದರೆ ಹಾಸ್ಟೆಲ್‌ನಲ್ಲಿ ಕಾಯಬೇಡಿ. ಸಿಡಿಲು ಹೊಡೆದಂತೆ ಒಂದು ನಿಮಿಷದೊಳಗೆ ತುತ್ತತುದಿಗೇರಿದ ನೋವು. ಜ್ವರದ ಜೊತೆ ಕುತ್ತಿಗೆ ಬಿಗಿತ. ಫಿಟ್ಸ್, ಗೊಂದಲ, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು. ತಲೆಗೆ ಪೆಟ್ಟು ಬಿದ್ದ ನಂತರದ ನೋವು. ಇವಕ್ಕೆ ರಾತ್ರಿಯಾದರೂ ವಾರ್ಡನ್ ಅವರನ್ನು ಎಬ್ಬಿಸಿ, 108ಕ್ಕೆ ಕರೆಮಾಡಿ. ಮಲಗಿದರೆ, ಕೆಮ್ಮಿದರೆ ಹೆಚ್ಚಾಗುವುದು, ನಿದ್ದೆಯಿಂದ ಎಬ್ಬಿಸುವುದು, ದೃಷ್ಟಿ ಮಂಜಾಗುವುದು, ವಾರದಿಂದ ವಾರಕ್ಕೆ ಏರುತ್ತಲೇ ಹೋಗುವುದು, ಗರ್ಭಿಣಿ ಅಥವಾ ಬಾಣಂತಿಯಲ್ಲಿ ಹೊಸದಾಗಿ ಬಂದ ನೋವು: ಇವಕ್ಕೆ ತಡಮಾಡದೆ ಒಂದೆರಡು ದಿನದೊಳಗೆ ವೈದ್ಯರು.

## ಇನ್ನೂ ಒಳಗಿನ ಪ್ರಶ್ನೆಗಳು

ನೋವಿಗೆ ಮುಂಚೆ ಕಣ್ಣೆದುರು ಮಿಂಚಿನ ಗೆರೆ ಕಾಣುತ್ತದೆ. ಮುಟ್ಟಿನ ತೊಂದರೆಗೆ ಹಾರ್ಮೋನ್ ಮಾತ್ರೆ ಬರೆದಿದ್ದಾರೆ. ತೆಗೆದುಕೊಳ್ಳಬಹುದೇ?

ಬರೆದ ವೈದ್ಯರಿಗೆ ಆ ಮಿಂಚಿನ ಗೆರೆಯ ವಿಷಯ ಹೇಳುವವರೆಗೆ ಬೇಡ. 5ರಿಂದ 60 ನಿಮಿಷ ಇದ್ದು ಹೋಗುವ ಆ ಅಂಕುಡೊಂಕು ಹೊಳಪಿಗೆ ಔರಾ ಎನ್ನುತ್ತಾರೆ. ಔರಾ ಇರುವ ಮೈಗ್ರೇನ್‌ನವರಲ್ಲಿ ಪಾರ್ಶ್ವವಾಯುವಿನ ಸಾಧ್ಯತೆ ಸ್ವಲ್ಪ ಹೆಚ್ಚು. ಈಸ್ಟ್ರೊಜೆನ್ ಇರುವ ಮಾತ್ರೆ ಅದನ್ನು ಇನ್ನೂ ಹೆಚ್ಚಿಸುತ್ತದೆ, ಧೂಮಪಾನ ಸೇರಿದರೆ ಮತ್ತಷ್ಟು. ಪಿಸಿಓಡಿಗೆ (ಅಂಡಾಶಯದಲ್ಲಿ ಗುಳ್ಳೆಗಳಾಗುವ ತೊಂದರೆ), ಮೊಡವೆಗೆ, ಮುಟ್ಟು ಸರಿಪಡಿಸಲು ಎಂದು ಕೊಡುವ ಮಾತ್ರೆಗಳೂ ಸಾಮಾನ್ಯವಾಗಿ ಇದೇ ಜಾತಿಯವು. ಈಸ್ಟ್ರೊಜೆನ್ ಇಲ್ಲದ ಪರ್ಯಾಯಗಳಿವೆ.

ಮೊಡವೆಗೆ ಮಾತ್ರೆ ಶುರುಮಾಡಿದ ಮೇಲೆ ತಲೆನೋವು ಬಂತು. ನಂಟು ಇದೆಯೇ?

ಇರಬಹುದು, ಇದನ್ನು ಕಡೆಗಣಿಸಬೇಡಿ. ಐಸೊಟ್ರೆಟಿನೊಯಿನ್, ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಕೆಲವರಲ್ಲಿ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿಸುತ್ತವೆ. ಬಗ್ಗಿದರೆ ಕಣ್ಣು ಕತ್ತಲಾಗುವುದು, ಕಿವಿಯಲ್ಲಿ ನಾಡಿಯಂತೆ ಸದ್ದು, ಎರಡೆರಡಾಗಿ ಕಾಣುವುದು ಅದರ ಗುರುತು. ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ, ದೃಷ್ಟಿಯ ಪ್ರಶ್ನೆ ಇದು.

ದಿನಾ ಮಾತ್ರೆ ನುಂಗಿ ಮೈಗ್ರೇನ್ ಬಾರದಂತೆ ತಡೆಯಬಹುದಂತೆ. ಓದಿಗೆ ತೊಂದರೆಯಾಗುವುದಿಲ್ಲವೇ?

ತಿಂಗಳಿಗೆ ನಾಲ್ಕು ಅಥವಾ ಹೆಚ್ಚು ದಿನ ಬದುಕು ಕೆಡಿಸುತ್ತಿದ್ದರೆ ತಡೆಯುವ ಮಾತ್ರೆಯ ಮಾತು ಎತ್ತಬೇಕು. ವಿದ್ಯಾರ್ಥಿಗೆ ಆಯ್ಕೆ ಮಾಡುವಾಗ ವೈದ್ಯರು ಓದಿನ ಬಗ್ಗೆ ಕೇಳಬೇಕು, ಕೇಳದಿದ್ದರೆ ನೀವೇ ಹೇಳಿ. ಟೊಪಿರಮೇಟ್ ಕೆಲವರಿಗೆ ಪದ ನೆನಪಾಗದಂತೆ ಮಾಡುತ್ತದೆ, ಮೌಖಿಕ ಪರೀಕ್ಷೆಗೆ ಅದು ದೊಡ್ಡ ಪೆಟ್ಟು. ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್ ತೂಕಡಿಕೆ ತರುತ್ತವೆ, ಮೈ ತೂಕ ಏರಿಸುತ್ತವೆ. ರಾತ್ರಿ ಬೇಗ ನುಂಗಿದರೆ ಬೆಳಗಿನ ಮಂಕು ಕಡಿಮೆ. ಪ್ರೊಪ್ರನೊಲೋಲ್ ಅಸ್ತಮಾ ಇರುವವರಿಗೆ ಸಲ್ಲದು. ವಾಲ್ಪ್ರೊಯೇಟ್ ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇಡ, ಗರ್ಭದ ಮಗುವಿಗೆ ಅಪಾಯ. ಟೊಪಿರಮೇಟ್‌ಗೂ ಅದೇ ಎಚ್ಚರಿಕೆ ಬೇಕು. ಯಾವುದನ್ನಾದರೂ ಎರಡು ಮೂರು ತಿಂಗಳು ನೋಡದೆ ಫಲಿಸಲಿಲ್ಲ ಎನ್ನಬೇಡಿ.

2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ತಲೆನೋವನ್ನೂ ಒಳಗೊಂಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಎಂದು ವಿಚಾರಿಸಿ.

"ನಿನ್ನದು ಮನಸ್ಸಿನ ನೋವು" ಎಂದು ಒಬ್ಬ ವೈದ್ಯರು ಕಳುಹಿಸಿಬಿಟ್ಟರು. ನಾನು ನಾಟಕ ಮಾಡುತ್ತಿದ್ದೇನೆಯೇ?

ಇಲ್ಲ. ನಿಮಗೆ ಹಾಗೆ ಅನ್ನಿಸಿದ್ದಕ್ಕೆ ನನಗೆ ಬೇಸರವಾಗುತ್ತದೆ. ಮೈಗ್ರೇನ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಖಿನ್ನತೆ ಇರುವವರಲ್ಲಿ ಮೈಗ್ರೇನ್ ಹೆಚ್ಚು. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ, ಎರಡಕ್ಕೂ ಚಿಕಿತ್ಸೆ ಬೇಕು. ನಿದ್ದೆ ಬಾರದೆ, ಏನೂ ಬೇಡವೆನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿದಿದೆ. ತಲೆನೋವೆಂದರೆ ವಿಭಾಗದವರು ನಂಬುವುದಿಲ್ಲ. ಏನು ಮಾಡಲಿ?

ಸೆಮಿಸ್ಟರ್ ಕೊನೆಯಲ್ಲಿ ಹೋಗಿ ನಿಂತರೆ ಯಾರಿಗೂ ನಂಬುವುದು ಕಷ್ಟ. ಮೊದಲ ತಿಂಗಳಲ್ಲೇ ವೈದ್ಯರಿಂದ ರೋಗದ ಹೆಸರು ಬರೆದ ಪತ್ರ ಪಡೆದು ವಿಭಾಗಕ್ಕೆ ಕೊಡಿ. ತಪ್ಪಿದ ದಿನವೇ ಒಂದು ಸಾಲಿನ ಮಿಂಚಂಚೆ ಕಳುಹಿಸಿ, ಕ್ಯಾಲೆಂಡರ್ ಹಾಳೆಯ ಪ್ರತಿ ಲಗತ್ತಿಸಿ. ವೈದ್ಯಕೀಯ ಕಾರಣಕ್ಕೆ ಕೊರತೆ ಮನ್ನಾ ಮಾಡುವ ನಿಯಮ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ, ನಿಮ್ಮಲ್ಲಿ ಎಷ್ಟು ಎಂದು ಪರೀಕ್ಷಾಂಗ ವಿಭಾಗದಲ್ಲಿ ಕೇಳಿ. ಮಿಣುಕುವ ಟ್ಯೂಬ್‌ಲೈಟ್ ಕೆಳಗಿನ ಬೆಂಚಿನಿಂದ ಜಾಗ ಬದಲಿಸಿಕೊಡಿ ಎಂದು ಕೇಳಲು ನಾಚಿಕೆ ಬೇಡ. ಉಪನ್ಯಾಸಕರೇ, ಹಾಗೆ ಕೇಳಿದ ಮಗುವಿಗೆ ಕಾರಣ ಕೇಳದೆ ಜಾಗ ಕೊಡಿ.

ಮಗಳು ರಜೆಗೆ ಬಂದರೆ ಕಿಟಕಿ ಮುಚ್ಚಿ ಮಲಗಿಬಿಡುತ್ತಾಳೆ. ಇದು ವಂಶದಿಂದ ಬಂದದ್ದೇ? ಜೀವನಪೂರ್ತಿ ಇರುತ್ತದೆಯೇ?

ಶಿವಮೊಗ್ಗ ಜಿಲ್ಲೆಯ ಒಬ್ಬ ತಾಯಿಯ ಪತ್ರ ಇದು. ಮೈಗ್ರೇನ್ ಕುಟುಂಬದಲ್ಲಿ ಹರಿಯುತ್ತದೆ, ತಾಯಿ ಅಥವಾ ತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಇದು ಹೆಚ್ಚು ಕಾಡುವುದು 35ರಿಂದ 45ರ ವಯಸ್ಸಿನಲ್ಲಿ, ಮುಟ್ಟು ನಿಂತ ಮೇಲೆ ಅನೇಕರಿಗೆ ಹಗುರವಾಗುತ್ತದೆ. ಬುಡಸಮೇತ ಕಿತ್ತುಹಾಕುವ ಔಷಧಿ ಇಲ್ಲ, ಆದರೆ ತಿಂಗಳ ಹತ್ತು ದಿನವನ್ನು ಎರಡು ಮೂರಕ್ಕೆ ಇಳಿಸುವುದು ಬಹಳ ಮಂದಿಗೆ ಸಾಧ್ಯವಾಗಿದೆ.

ಪತ್ರದ ಕೊನೆಯಲ್ಲಿ ಅವರು ಒಂದು ಸಾಲು ಬರೆದಿದ್ದರು: "ನನಗೂ ಮದುವೆಯಾದಾಗಿನಿಂದ ಬರುತ್ತದೆ, ತಲೆಗೆ ಬಟ್ಟೆ ಬಿಗಿದುಕೊಂಡು ಕೆಲಸ ಮಾಡುತ್ತೇನೆ, ನನ್ನದು ಬಿಡಿ." ಮಗಳ ಜೊತೆ ನೀವೂ ಒಂದು ತಿಂಗಳು ಸುತ್ತು ಹಾಕಿ ಕಳುಹಿಸಿ ಎಂದು ಉತ್ತರ ಬರೆದೆ. ಬಂದದ್ದು ಒಂದೇ ಹಾಳೆ, ಮಗಳದ್ದು ನೀಲಿ ಪೆನ್ನಿನಲ್ಲಿ ಆರು ಸುತ್ತು, ತಾಯಿಯದ್ದು ಕೆಂಪಿನಲ್ಲಿ ಹನ್ನೊಂದು. ಮುಂದಿನ ಸೋಮವಾರ ಇಬ್ಬರೂ ಒಟ್ಟಿಗೆ ಬರುತ್ತಿದ್ದಾರೆ.